ಕಿಸೆಯಲ್ಲಿದ್ದ ಬಾಲ

ನಿಜಗುಣ ಹೇಡಿ. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ. ಅವನನ್ನು ಬಲ್ಲವರು ಸಾಧು ಮನುಷ್ಯ, ಯಾರ ಗೊಡವೆಗೂ ಹೋಗದವನು ಎಂದೆಲ್ಲ ಹೇಳುತ್ತಾರೆ. ಅವೆಲ್ಲ ಹೇಡಿತನಕ್ಕೆ ತೊಡಿಸಿದ ಅಂಗಿಗಳು. ಹೆಂಡತಿ ಗುರುಬಸವ್ವ ಮಾತ್ರ ಮದುವೆಯಾದ ವರ್ಷದಿಂದಲೂ ಅದನ್ನು ಅದರ ಹೆಸರಿನಿಂದಲೇ ಕರೆಯುತ್ತ ಬಂದಿದ್ದಾಳೆ. ಅವನು ಒಮ್ಮೆಯೂ ಅಲ್ಲಗಳೆದಿಲ್ಲ. ಅಲ್ಲಗಳೆಯುವುದಕ್ಕೂ ಒಂದಿಷ್ಟು ಧೈರ್ಯ ಬೇಕು.

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ, ಹಾವುರಾಣಿಗಳ ಮೇಲೆ ಡಾಕ್ಟರೇಟ್ ಪಡೆದು, ಗದಗಿನ ಕಡೆಯ ಒಂದು ಕಾಲೇಜಿನಲ್ಲಿ ಪಾಠ ಹೇಳಿಕೊಂಡಿದ್ದ. ಆಡಳಿತ ಮಂಡಳಿಯವರು ತಮ್ಮ ಹುಡುಗನೊಬ್ಬನನ್ನು ಪಾಸು ಮಾಡೆಂದಾಗ ಆಗುವುದಿಲ್ಲ ಎನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ. ಬೆನ್ನುನೋವೆಂದು ರಜೆ ಹಾಕಿ ಮಲಗಿದ. ಉತ್ತರಪತ್ರಿಕೆ ಬೇರೆಯವರ ಕೈಗೆ ಹೋಯಿತು, ಹುಡುಗ ಪಾಸಾದ. ಭಾವಮೈದುನ ಕೆನಡಾಕ್ಕೆ ಕರೆಸಿಕೊಂಡಾಗ ಬಂದದ್ದೂ ಬೇಡ ಎನ್ನಲಾರದೆ. ಯಾರು ಏನು ಹೇಳಿದರೂ "ಇರಬಹುದ್ರಿ" ಎನ್ನುವುದು ಅವನ ರೂಢಿ. ಮಳೆ ಬರುತ್ತದೆ ಎಂದರೂ ಇರಬಹುದು, ಬರುವುದಿಲ್ಲ ಎಂದರೂ ಇರಬಹುದು.

ಅಲ್ಲಿನ ಎಟೋಬಿಕೋದ ಕೈಗಾರಿಕಾ ಪ್ರದೇಶದಲ್ಲಿ, ಟೈರಿನ ಅಂಗಡಿಯ ಹಿಂದೆ, ಒಂದು ಸಣ್ಣ ವಸ್ತುಸಂಗ್ರಹಾಲಯದ ಗೋದಾಮು ಇದೆ. ಅವನಿಗೆ ಕೆಲಸ ಸಿಕ್ಕಿದ್ದು ಅಲ್ಲಿ. ಕಿಟಕಿಯಿಲ್ಲದ ಕೋಣೆಗಳಲ್ಲಿ ಕಪಾಟಿನ ಸಾಲು, ಕಪಾಟಿನ ತುಂಬ ಆಲ್ಕೋಹಾಲಿನ ಜಾಡಿಗಳು, ಜಾಡಿಗಳೊಳಗೆ ಎಂದೋ ಸತ್ತ ಪ್ರಾಣಿಗಳು. ನಿಜಗುಣನ ಪಾಲಿಗೆ ಬಂದವು ಕೆರಿಬಿಯನ್ ದ್ವೀಪಗಳ ಕಾಡುಹಲ್ಲಿಗಳು. ಹಲ್ಲಿ ಎಂಬುದು ಮಾತಿನ ಅನುಕೂಲಕ್ಕೆ. ಗೋಡೆ ಹತ್ತುವ ನಮ್ಮ ಹಲ್ಲಿಗೂ ಇವಕ್ಕೂ ಹತ್ತಿರದ ನೆಂಟಸ್ತನವಿಲ್ಲ. ನುಣುಪು ಹುರುಪೆ, ಉದ್ದ ಮೈ, ಗಿಡ್ಡ ಕಾಲು. ಬಿದ್ದ ಮರದ ಅಡಿಯಲ್ಲಿ, ತರಗೆಲೆಯ ಒಳಗೆ ಬದುಕುವ ನಾಚಿಕೆಯ ಪ್ರಾಣಿಗಳು. ನೋಡಿದವರಿಗೆ ನಮ್ಮ ಹಾವುರಾಣಿಯ ನೆನಪಾಗುತ್ತದೆ.

ಹಿಂದಿನ ವಿದ್ವಾಂಸರು ಇವುಗಳಲ್ಲಿ ಬಹಳಷ್ಟನ್ನು ಒಂದೇ ಕುಲದ ಹೆಸರಿನಡಿ ತುರುಕಿ ಕೈತೊಳೆದುಕೊಂಡಿದ್ದರು. ಈಗ ಡಿಎನ್‌ಎ ನೋಡುವವರು ಒಂದೊಂದು ದ್ವೀಪದ್ದು ಒಂದೊಂದು ಕವಲು, ಒಂದೆಂದುಕೊಂಡದ್ದರಲ್ಲಿ ಹಲವು ಜಾತಿಗಳು ಅಡಗಿವೆ ಎಂದು ಬಿಡಿಸಿ ಹೇಳುತ್ತಿದ್ದಾರೆ. ಆದರೆ ಡಿಎನ್‌ಎ ಒಂದೇ ಸಾಲದು, ಕಣ್ಣಿಗೆ ಕಾಣುವ ಗುರುತೂ ಬೇಕು. ಮೈಸುತ್ತ ಹುರುಪೆಯ ಸಾಲು ಎಷ್ಟು, ಬೆರಳ ಕೆಳಗಿನ ಪಟ್ಟಿ ಎಷ್ಟು, ಉಗುರು ಒರೆಯೊಳಗಿದೆಯೋ ಬಯಲಿಗಿದೆಯೋ. ಸೂಕ್ಷ್ಮದರ್ಶಕದಡಿ ಇಟ್ಟು ಇದನ್ನು ಎಣಿಸುವುದು ನಿಜಗುಣನ ಕೆಲಸ. ಅದರಲ್ಲಿ ಅವನು ಎಡವಿದ್ದು ಕಡಿಮೆ. ಜಾಡಿಯೊಳಗಿನದು ಎದುರುತ್ತರ ಕೊಡುವುದಿಲ್ಲವಲ್ಲ.

ಈ ಕೆಲಸವನ್ನು ಅವನು ನಮ್ಮವರಿಂದ ಮುಚ್ಚಿಟ್ಟಿದ್ದ. ಕೇಳಿದವರಿಗೆಲ್ಲ "ಲ್ಯಾಬಿನಾಗ ಇದ್ದೇನ್ರಿ" ಎನ್ನುತ್ತಿದ್ದ. ಗುರುಬಸವ್ವನೂ ಹಾಗೆಯೇ ಹೇಳುತ್ತಿದ್ದಳು. ಸಂಜೆ ಬಂದವನು ಬೇಸ್‌ಮೆಂಟಿನ ಬಾಗಿಲಿನಿಂದ ಒಳಗೆ ಬಂದು, ಸ್ನಾನ ಮಾಡಿಯೇ ಅಡುಗೆಮನೆಗೆ ಕಾಲಿಡಬೇಕು. ಮುಚ್ಚಿಡುವುದಕ್ಕೆ ಕಾರಣವೂ ಇತ್ತು. ಕನ್ನಡದವರ ಬಳಗದಲ್ಲಿ ನಿಜಗುಣನಿಗೆ ಇದ್ದ ಮರ್ಯಾದೆಯೆಲ್ಲ ಅವನ ಗೋಧಿ ಹುಗ್ಗಿಯದು. ವರ್ಷಕ್ಕೆರಡು ಬಾರಿ, ಬಸವ ಜಯಂತಿಗೆ ಮತ್ತು ಶ್ರಾವಣದ ದಾಸೋಹಕ್ಕೆ, ಸ್ಟ್ರೀಟ್ಸ್‌ವಿಲ್‌ನ ಬಾಡಿಗೆಯ ಸಭಾಂಗಣದಲ್ಲಿ ದೊಡ್ಡ ಪಾತ್ರೆಯಿಟ್ಟು ಅವನು ಹುಗ್ಗಿ ಕಲಕುತ್ತಿದ್ದ. ಮೈಸೂರಿನವರೂ ಎರಡನೆಯ ಬಾರಿ ಹಾಕಿಸಿಕೊಳ್ಳುತ್ತಿದ್ದರು. ಅಡುಗೆಗೆ ಹಲ್ಲಿ ಬಿದ್ದರೆ ಊಟ ವಿಷವಾಗುತ್ತದೆ ಎಂಬುದನ್ನು ಎಂಜಿನಿಯರಿಂಗ್ ಓದಿದವರೂ ನಂಬುತ್ತಾರೆ. ಹಗಲೆಲ್ಲ ಹಲ್ಲಿಯ ಹೊಟ್ಟೆ ಸವರುವ ಕೈ ಹುಗ್ಗಿ ಕಲಕುತ್ತದೆ ಎಂದು ಗೊತ್ತಾದರೆ ಯಾರು ಎಲೆ ಮುಂದೆ ಕೂರುತ್ತಾರೆ?

ಈ ಗುಟ್ಟನ್ನು ಹೊರಗಿನ ಒಬ್ಬಳಿಗೆ ಮಾತ್ರ ಹೇಳಿದ್ದ. ಅವಳು ಸಭಾಂಗಣವನ್ನು ನೋಡಿಕೊಳ್ಳುವ ಮಾರ್ವಾ. ಜಮೈಕಾದಲ್ಲಿ ಹುಟ್ಟಿ, ಹರೆಯದಲ್ಲಿ ಇಲ್ಲಿಗೆ ಬಂದು, ಆಸ್ಪತ್ರೆಯೊಂದರಲ್ಲಿ ನಿವೃತ್ತಿಯವರೆಗೆ ದುಡಿದು, ಈಗ ಈ ಕೆಲಸ ಹಿಡಿದವಳು. ನಮ್ಮವಳಲ್ಲ ಎಂಬ ಧೈರ್ಯದಿಂದ ಹೇಳಿದ್ದು. ಕೇಳಿ ಅವಳು ಮೊದಲು ಬೆಚ್ಚಿದಳು, ಆಮೇಲೆ ನಕ್ಕಳು. ಆ ಪ್ರಾಣಿಗೆ ಅವಳ ಊರಿನಲ್ಲಿ ಗ್ಯಾಲಿವಾಸ್ಪ್ ಎನ್ನುತ್ತಾರಂತೆ. ಅದು ಕಚ್ಚಿದರೆ ಅದೂ ಮನುಷ್ಯನೂ ನೀರಿಗೆ ಓಡಬೇಕು. ಮೊದಲು ನೀರು ಮುಟ್ಟಿದವರು ಉಳಿಯುತ್ತಾರೆ, ಇನ್ನೊಬ್ಬರು ಸಾಯುತ್ತಾರೆ. ಅದಕ್ಕೆ ವಿಷವೇ ಇಲ್ಲವೆಂದೂ, ಕಬ್ಬಿನ ತೋಟದ ಇಲಿ ಹಿಡಿಯಲೆಂದು ಭಾರತದಿಂದ ಒಯ್ದ ಮುಂಗುಸಿಗಳೇ ಅದರ ವಂಶವನ್ನು ತಿಂದು ಮುಗಿಸುತ್ತಿವೆಯೆಂದೂ ನಿಜಗುಣ ವಿವರಿಸಿದ. ಹಾಗಾದರೆ ತಪ್ಪು ನಿಮ್ಮವರದೇ ಎಂದು ಮಾರ್ವಾ ಹೇಳಿದಳು. ಅಂದಿನಿಂದ ಅವನು ಅಡುಗೆಗೆ ಬಂದಾಗಲೆಲ್ಲ ಅಡುಗೆಕೋಣೆಯ ಬಾಗಿಲ ಬಳಿ ಒಂದು ಕಾಗದದ ಲೋಟದಲ್ಲಿ ನೀರಿಡುತ್ತಿದ್ದಳು. ಡಾಕ್ಟರಿಗೆ ಕಚ್ಚಿದರೆ ದೂರ ಓಡುವುದು ಬೇಡ ಎಂದು. ಅವನ ಪದವಿಯನ್ನು ಆ ದೇಶದಲ್ಲಿ ನೆನೆಸಿ ಕರೆಯುತ್ತಿದ್ದವಳು ಅವಳೊಬ್ಬಳೇ.

ಕಳೆದ ವಸಂತದಲ್ಲಿ ಒಂದು ಹಳೆಯ ಜಾಡಿ ಬಿಚ್ಚಿದಾಗ ಬಾಲವಿಲ್ಲದ ಎರಡು ಮೈಗಳೂ, ಮೈಯಿಲ್ಲದ ಒಂದು ಬಾಲವೂ ಸಿಕ್ಕವು. ಈ ಪ್ರಾಣಿಗಳು ಬಾಲ ಕಳಚಿ ಓಡುವಂಥವು. ಸತ್ತು ಜಾಡಿ ಸೇರಿದ ಮೇಲೂ ಒರಟು ಕೈ ಸೋಕಿದರೆ ಕಳಚುತ್ತದೆ. ಒಂದು ಮೈ ಜಮೈಕಾದ್ದು, ಇನ್ನೊಂದು ಪಕ್ಕದ ದ್ವೀಪದ್ದು. ಡಿಎನ್‌ಎ ತೆಗೆಯುವವರಿಗೆ ಜಮೈಕಾದ ಪ್ರಾಣಿಯ ಒಂದು ಚೂರು ಬೇಕಿತ್ತು. ಮೈ ಕತ್ತರಿಸುವ ಬದಲು ಬಾಲದ ಚೂರು ಕೊಟ್ಟರಾಯಿತು, ಆದರೆ ಬಾಲ ಯಾವುದರದು? ಮುರಿದ ಜಾಗದ ಹುರುಪೆಗಳನ್ನು ಎಣಿಸಿ ಹೇಳಬೇಕು. ನಿಜಗುಣನ ಕಣ್ಣಿಗೆ ಪೊರೆ ಬರತೊಡಗಿತ್ತು. ಸಾಲುಗಳು ಒಂದರೊಳಗೊಂದು ಕಲಸುತ್ತಿದ್ದವು. ಅದನ್ನು ಹೇಳಿದರೆ ಎಣಿಸುವ ಕೆಲಸ ಕೈಬಿಟ್ಟುಹೋದೀತೆಂಬ ಭಯ. ಮನೆಯ ಬೇಸ್‌ಮೆಂಟಿನಲ್ಲಿ ತನ್ನದೇ ಸೂಕ್ಷ್ಮದರ್ಶಕವಿತ್ತು. ಭಾನುವಾರ ನಿಧಾನವಾಗಿ ನೋಡೋಣವೆಂದು ಬಾಲವನ್ನು ಕರಿ ಮುಚ್ಚಳದ ಬೆರಳುದ್ದದ ಸೀಸೆಗೆ ಹಾಕಿ, ಸೀಸೆಯನ್ನು ಶರ್ಟಿನ ಕಿಸೆಗೆ ಇಳಿಸಿದ. ಹಾಗೆ ಹೊರಗೆ ಒಯ್ಯಕೂಡದೆಂಬ ನಿಯಮವಿತ್ತು.

ಅಂದು ಶನಿವಾರ, ಬಸವ ಜಯಂತಿಯ ಕಾರ್ಯಕ್ರಮ. ಗೋದಾಮಿನಿಂದ ನೇರ ಸ್ಟ್ರೀಟ್ಸ್‌ವಿಲ್‌ಗೆ ಹೋದ. ಬಾಗಿಲಲ್ಲಿ ಎಂದಿನಂತೆ ನೀರಿನ ಲೋಟವಿತ್ತು. ಗೋಧಿ ಬೆಂದು ಅರಳಿತ್ತು, ಬೆಲ್ಲ ಕರಗಿತ್ತು. ಕೊಬ್ಬರಿ, ಗಸಗಸೆ ಹಾಕಿ ಬಗ್ಗಿ ಕಲಕುವಾಗ ಕಿಸೆಯಿಂದ ಸೀಸೆ ಯಾವಾಗ ಜಾರಿತೋ ಅವನಿಗೆ ತಿಳಿಯಲಿಲ್ಲ. ಬಳಗದ ಅಧ್ಯಕ್ಷೆ ಆಶಾಲತಾ ಪಾತ್ರೆಯ ಪಕ್ಕದಲ್ಲಿದ್ದ ಅರಿವೆ ಎತ್ತಿದಾಗ ಅದರಡಿಯಿಂದ ಉರುಳಿ ಬಂತು. ಮುಚ್ಚಳ ಭದ್ರವಾಗಿತ್ತು, ಒಂದು ಹನಿಯೂ ಹೊರಬಂದಿರಲಿಲ್ಲ. ಆದರೆ ಗಾಜಿನೊಳಗೆ ಬಾಲ ಸ್ಪಷ್ಟವಾಗಿ ಕಾಣುತ್ತಿತ್ತು. ಆಶಾಲತಾ ಕಿರುಚಿದ್ದಕ್ಕೆ ಜನ ಸೇರಿತು. ನಿಜಗುಣ ಕಿಸೆ ಮುಟ್ಟಿ ನೋಡಿಕೊಂಡ.

ಸದ್ದು ಕೇಳಿ ಮಾರ್ವಾ ನೆಲ ಒರೆಸುವ ಕೋಲು ಹಿಡಿದೇ ಬಂದಳು. ಸೀಸೆ ಕಂಡದ್ದೇ ಹಿಂದಕ್ಕೆ ಸರಿದು ಗೋಡೆಗೆ ಒತ್ತಿ ನಿಂತು, ಅದರ ಹೆಸರು ಹೇಳಿದಳು. ಹೇಳಿ, ನಿಜಗುಣನ ಮುಖ ನೋಡಿದಳು. ಅದು ಯಾರದೆಂದು ಆ ಕೋಣೆಯಲ್ಲಿ ಅವನನ್ನು ಬಿಟ್ಟರೆ ಅವಳಿಗೆ ಗೊತ್ತಿತ್ತು, ದೂರದಿಂದ ಇಣುಕಿದ ಗುರುಬಸವ್ವನಿಗೂ ಗೊತ್ತಾಯಿತು. ನಿಜಗುಣ ಹುಗ್ಗಿಯ ಪಾತ್ರೆ ನೋಡುತ್ತಿದ್ದ.

ಕಾರ್ಯದರ್ಶಿ ಆನಂದಕುಮಾರ ಬೆಂಗಳೂರಿನವನು, ಓಕ್‌ವಿಲ್‌ನಲ್ಲಿ ಮನೆ, ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು. ಎಲ್ಲಿಯೂ ಮೀಟಿಂಗು ನಡೆಸಬಲ್ಲವನು. ಯಾರೂ ಏನನ್ನೂ ಮುಟ್ಟಕೂಡದೆಂದು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ. ಅಡುಗೆಗೆ ಹಲ್ಲಿ ತಂದಿಟ್ಟವರು ಯಾರೆಂದು ಕೇಳಿದ.

ಆಗ ನಿಜಗುಣ ಬಾಯಿ ತೆರೆದ. ತೆರೆದು ಹೇಳಿದ್ದು ಇಷ್ಟು: "ಅದು ಹಲ್ಲಿ ಅಲ್ರಿ."

ಜೀವಮಾನವೆಲ್ಲ ವರ್ಗೀಕರಣ ಮಾಡಿದವನ ನಾಲಿಗೆಗೆ ಆ ಹೊತ್ತಿನಲ್ಲಿ ಸಿಕ್ಕ ಸತ್ಯ ಅದೊಂದೇ.

"ಹಲ್ಲಿ ಅಲ್ವಾ? ಹಂಗಾದ್ರೆ ಇನ್ನೂ ವಿಷದ್ದೇ ಇರ್ಬೇಕು ಸಾರ್," ಎಂದ ಆನಂದಕುಮಾರ. ಆಮೇಲೆ ಮಾರ್ವಾಳ ಕಡೆ ತಿರುಗದೆಯೇ, ಕನ್ನಡದಲ್ಲಿ, "ನೋಡಿ, ಹೆಸ್ರು ಹೇಳಿದ್ಲು. ನಮ್ಗ್ಯಾರ್ಗೂ ಗೊತ್ತಿಲ್ದಿರೋದು ಅವ್ಳಿಗೆ ಹೆಂಗೆ ಗೊತ್ತು? ಹೆದ್ರಿರೋದ್ ನೋಡಿ. ಇಟ್ಸ್ ಆಬ್ವಿಯಸ್."

ಹಿಂದಿನಿಂದ ಯಾರೋ ಅವರ ಜನರಲ್ಲಿ ಮಾಟಮಂತ್ರ ಉಂಟಂತೆ ಎಂದರು. ಇನ್ಯಾರೋ ಹೌದೆಂದರು. ಓದಿದವರ ಗುಂಪು ಅದು. ಮಾರ್ವಾಳಿಗೆ ಭಾಷೆ ತಿಳಿಯದಿದ್ದರೂ ಎಲ್ಲರ ತಲೆ ತನ್ನತ್ತ ತಿರುಗಿದ್ದು ತಿಳಿಯದಿರುವುದೇ? ಅವಳು ಇನ್ನಷ್ಟು ಹೊತ್ತು ನಿಜಗುಣನನ್ನೇ ನೋಡಿ, ಕೋಲನ್ನು ಗೋಡೆಗೆ ಒರಗಿಸಿ ಹೊರಗೆ ಹೋದಳು.

ಸೀಸೆಯನ್ನು ಇಕ್ಕಳದಲ್ಲಿ ಹಿಡಿದು ಕಸದ ಚೀಲಕ್ಕೆ ಹಾಕಿದರು. ಅದರ ಮೇಲೆ ಹುಗ್ಗಿಯನ್ನೂ ಸುರಿದರು. ಪಾತ್ರೆಯ ಒಂದು ಕಿವಿ ಹಿಡಿದವನು ನಿಜಗುಣನೇ. ಪಿಜ್ಜಾ ತರಿಸಲಾಯಿತು. ವೇದಿಕೆಯ ಮೇಲೆ ಸಮಾನತೆಯ ಕುರಿತು ಭಾಷಣಗಳು ನಡೆದವು, ಚಪ್ಪಾಳೆಯೂ ಬಿತ್ತು. ಎಲ್ಲರೂ ಹೊರಟ ಮೇಲೆ ನಿಜಗುಣ ಕನ್ನಡಕ ಮರೆತೆನೆಂದು ಹಿಂದಕ್ಕೆ ಹೋಗಿ, ಕಸದ ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿ, ಇನ್ನೂ ಬೆಚ್ಚಗಿದ್ದ ಹುಗ್ಗಿಯಲ್ಲಿ ತಡಕಾಡಿ ಸೀಸೆಯನ್ನು ಹೊರತೆಗೆದ. ಬಾಲ ಕಳೆದುಹೋಗಿದ್ದರೆ ಸೋಮವಾರ ಮೇಲಿನವರಿಗೆ ಉತ್ತರ ಹೇಳಬೇಕಾಗುತ್ತಿತ್ತು. ಬಾಲವನ್ನು ಉಳಿಸಿಕೊಳ್ಳಲು ಅವನಿಗೆ ಕೈಯಾಡಿತು. ಹೆಂಗಸನ್ನು ಉಳಿಸಲು ನಾಲಿಗೆಯಾಡಲಿಲ್ಲ.

ಕಾರಿನಲ್ಲಿ ಗುರುಬಸವ್ವ ಸೀಟಿನ ಪಟ್ಟಿ ಹಾಕಿಕೊಳ್ಳುತ್ತ ಕೇಳಿದಳು: "ಬಾಯಾಗ ಹುಗ್ಗಿ ತುಂಬಿಕೊಂಡಿದ್ರೇನು?"

ಅವನು ಕಾರು ಹೊರಡಿಸಿದ.

"ಆಕಿ ನಿಮ್ಮನ್ನ ನೋಡಿದ್ಲು. ನಾ ನೋಡಿದೆ, ಆಕಿ ನಿಮ್ಮನ್ನ ನೋಡೋದು."

"ನೀನೂ ಸುಮ್ಮನ ಇದ್ದೆಲ್ಲ," ಎಂದ ನಿಜಗುಣ.

"ಹೌದು, ಇದ್ದೆ," ಎಂದಳು ಅವಳು. ಅವಳಿಗೂ ನಾಚಿಕೆಯಾಗಿತ್ತು, ಆದರೆ ಅವಳ ನಾಚಿಕೆಗೆ ಸಿಟ್ಟಿನ ಆಸರೆ ಇತ್ತು. ಅವನದಕ್ಕೆ ಅದೂ ಇರಲಿಲ್ಲ.

ಭಾನುವಾರ ಕಣ್ಣು ಕಿರಿದು ಮಾಡಿ, ಎಣಿಸಿದ್ದನ್ನೇ ಮತ್ತೆ ಮತ್ತೆ ಎಣಿಸಿ ನೋಡಿದ. ಮುರಿದ ಜಾಗದ ಸಾಲುಗಳು ಜಮೈಕಾದ ಮೈಗೆ ಹೊಂದಿದವು. ಸೋಮವಾರ ಬಾಲ ಜಾಡಿ ಸೇರಿತು, ಯಾರಿಗೂ ಏನೂ ತಿಳಿಯಲಿಲ್ಲ. ಸೀಸೆ ಮಾತ್ರ ಉಳಿಯಿತು. ಅದರ ಮುಚ್ಚಳದ ತಿರುಪಿನಲ್ಲಿ ಬೆಲ್ಲ ಕಚ್ಚಿಕೊಂಡಿತ್ತು, ಗಾಜಿಗೆ ಅಂಟಿಸಿದ ಚೀಟಿಯಲ್ಲಿ ತುಪ್ಪದ ಕಲೆ. ಕಪಾಟಿಗೆ ಹಿಂದಿರುಗಿಸುವಂತಿರಲಿಲ್ಲ. ಎಸೆಯೋಣವೆಂದರೆ ಕೈ ಬರಲಿಲ್ಲ. ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿಟ್ಟ.

ಆನಂದಕುಮಾರ ಸಭಾಂಗಣದ ಟ್ರಸ್ಟಿನವರಿಗೆ ದೂರು ಕೊಟ್ಟ. ಮಾರ್ವಾಳನ್ನು ತೆಗೆಯದಿದ್ದರೆ ನಮ್ಮ ಬಳಗ ಬೇರೆ ಜಾಗ ನೋಡಿಕೊಳ್ಳುತ್ತದೆ ಎಂದ. ಟ್ರಸ್ಟಿನವರು ಕೂಡಲೇ ತೆಗೆಯಲಿಲ್ಲ. ಶ್ರಾವಣದ ಕಾರ್ಯಕ್ರಮದವರೆಗೆ ನೋಡೋಣ, ಆಮೇಲೂ ನಿಮಗೆ ಅವಳು ಬೇಡವೆಂದರೆ ಬೇರೆಯವರನ್ನು ಇಡುತ್ತೇವೆ ಎಂದರು. ಇಷ್ಟು ವಿಷಯ ಬಳಗದ ವಾಟ್ಸಾಪ್ ಗುಂಪಿನಲ್ಲಿ ಬಂತು. ಅದರ ಕೆಳಗೆ ಮೆಚ್ಚುಗೆಯ ಹೆಬ್ಬೆರಳುಗಳ ಸಾಲು. ನಿಜಗುಣ ಹೆಬ್ಬೆರಳು ಒತ್ತಲಿಲ್ಲ. ತಾನು ಒತ್ತಲಿಲ್ಲ ಎಂಬುದನ್ನು ಧೈರ್ಯವೆಂದು ಎಣಿಸಿಕೊಳ್ಳಲು ಎರಡು ದಿನ ಪ್ರಯತ್ನಿಸಿ, ಅದೂ ಆಗದೆ ಬಿಟ್ಟ.

ಜೂನ್‌ನಲ್ಲಿ ಅವಳನ್ನು ನೋಡಲು ಹೋದ. ಸಭಾಂಗಣದ ಹಿಂದೆ ಕಾರು ನಿಲ್ಲಿಸುವ ಜಾಗದಲ್ಲಿ ಮಾರ್ವಾ ಕಸ ಗುಡಿಸುತ್ತಿದ್ದಳು. ತಪ್ಪಾಯಿತೆಂದು ಹೇಳಿದ. ಬಾಲ ಅವಳ ಊರಿನದೇ ಎಂದೂ ಹೇಳಿದ, ಅದರಿಂದ ಏನೋ ಸರಿಹೋಗುವುದೆಂಬಂತೆ. ಅವಳು ಗುಡಿಸುವುದನ್ನು ನಿಲ್ಲಿಸಲಿಲ್ಲ. ಅವತ್ತೇ ನೀವೇಕೆ ನನ್ನ ಹೆಸರು ಹೇಳಲಿಲ್ಲ ಎಂದು ಕೇಳಿದ. ಅದು ನಿನ್ನ ಬಾಯಿಂದ ಬರಬೇಕಾದ ಮಾತು, ನಾನು ಕಾಯುತ್ತಿದ್ದೆ ಎಂದಳು. ಈಗ ಇಲ್ಲಿ ನನ್ನೊಬ್ಬಳಿಗೇ ಹೇಳಿದರೆ ಏನು ಬಂತು, ನನಗೆ ಮೊದಲೇ ಗೊತ್ತಿತ್ತಲ್ಲ ಎಂದೂ ಹೇಳಿದಳು. ಡಾಕ್ಟರ್ ಎನ್ನಲಿಲ್ಲ.

ಆ ವಾರವೇ ಆನಂದಕುಮಾರನಿಗೆ ಫೋನು ಮಾಡಿದ. ಸಂಗತಿ ಹೇಳಲೆಂದೇ ಮಾಡಿದ್ದು. ಆನಂದಕುಮಾರ ಫೋನೆತ್ತಿದವನೇ ನಿಮ್ಮ ಹುಗ್ಗಿ ವೇಸ್ಟ್ ಆಗಿದ್ದಕ್ಕೆ ಎಲ್ಲರಿಗೂ ಬೇಜಾರು, ಶ್ರಾವಣಕ್ಕೆ ಡಬಲ್ ಮಾಡಿ ಸಾರ್ ಎಂದ. ಜವೆಗೋಧಿ ಎಲ್ಲಿ ಸಿಗುತ್ತದೆ, ಬೆಲ್ಲ ಎಷ್ಟು ಬೇಕು ಎಂದು ವಿಚಾರಿಸಿದ. ಇನ್ನುಮುಂದೆ ಅಡುಗೆಕೋಣೆಗೆ ಹೋಗುವವರೆಲ್ಲ ಬಾಗಿಲಲ್ಲಿ ಕಿಸೆ ಖಾಲಿ ಮಾಡಿ ಹೋಗಬೇಕೆಂಬ ಹೊಸ ನಿಯಮ ಮಾಡಿದ್ದೇನೆ, ಹೇಗೆ ಎಂದ. "ಇರಬಹುದ್ರಿ," ಎಂದ ನಿಜಗುಣ.

ಶ್ರಾವಣದ ದಾಸೋಹ ಬಂತು. ಸೋಮವಾರಕ್ಕೆ ಯಾರಿಗೂ ರಜೆಯಿಲ್ಲವೆಂದು ಶನಿವಾರವೇ ಇಟ್ಟಿದ್ದರು. ಮನೆಯಿಂದ ಹೊರಡುವಾಗ ನಿಜಗುಣ ಕಾರಿನ ಡಬ್ಬಿ ತೆಗೆದು, ಸೀಸೆಯನ್ನು ಕೈಗೆ ತೆಗೆದುಕೊಂಡು, ಪ್ಯಾಂಟಿನ ಕಿಸೆಗೆ ಹಾಕಿಕೊಂಡ. ಪಕ್ಕದಲ್ಲಿದ್ದ ಗುರುಬಸವ್ವ ನೋಡಿದಳು. ಆಮೇಲೆ ಸೆರಗಿನಿಂದ ಕಾರಿನ ಕನ್ನಡಿ ಒರೆಸಿದಳು.

ಅಡುಗೆಕೋಣೆಯ ಬಾಗಿಲಲ್ಲಿ ಒಂದು ಮೇಜು, ಮೇಜಿನ ಮೇಲೆ ಸ್ಟೀಲಿನ ಪರಾತ. ಹಿಂದೆ ಆನಂದಕುಮಾರ ಮತ್ತು ಆಶಾಲತಾ. ನೀರಿನ ಲೋಟ ಇರಲಿಲ್ಲ. ಬಂದವರೆಲ್ಲ ಕಾರಿನ ಕೀಲಿ, ಫೋನು ಪರಾತಕ್ಕೆ ಹಾಕಿ ನಗುತ್ತ ಒಳಗೆ ಹೋಗುತ್ತಿದ್ದರು. ಏರ್‌ಪೋರ್ಟಿಗಿಂತ ಸ್ಟ್ರಿಕ್ಟು ಎಂದು ಒಬ್ಬರೆಂದರೆ, ಬೆಲ್ಟೂ ಬಿಚ್ಚಬೇಕಾ ಸ್ವಾಮಿ ಎಂದು ಇನ್ನೊಬ್ಬರು. ಸಿಂಕಿನ ನಲ್ಲಿ ಸೋರುತ್ತಿದೆ ಎಂದು ಮಾರ್ವಾಳನ್ನು ಕರೆಸಲಾಯಿತು. ಅವಳು ಬಂದು ಕೀಲಿಗೊಂಚಲು ಹಾಕಿದಳು. ಸಾಲದೆಂದು ಆನಂದಕುಮಾರ ಅವಳ ಏಪ್ರನ್ನಿನ ಕಿಸೆಗಳನ್ನು ತೋರಿಸಿದ. ನಮ್ಮವರಲ್ಲಿ ಯಾರಿಗೂ ಹಾಗೆ ಬೆರಳು ಮಾಡಿ ತೋರಿಸಿರಲಿಲ್ಲ. ಮಾರ್ವಾ ಒಂದೊಂದಾಗಿ ತೆಗೆದಿಟ್ಟಳು. ಕಾಗದದ ಕರವಸ್ತ್ರ, ಎರಡು ಪೆಪ್ಪರ್‌ಮೆಂಟು, ರಕ್ತದೊತ್ತಡದ ಮಾತ್ರೆಯ ಪಟ್ಟಿ. ಆಶಾಲತಾ ಮಾತ್ರೆಯ ಪಟ್ಟಿಯನ್ನು ಬೆರಳ ತುದಿಯಿಂದ ಮಗುಚಿ ನೋಡಿದಳು.

ಮಾರ್ವಾಳ ಹಿಂದೆ ನಿಂತವನು ನಿಜಗುಣ. "ಸಾರ್, ನೀವು ಹೋಗಿ ಸಾರ್, ನಿಮ್ದೇನ್ ನೋಡೋದು," ಎಂದು ಆನಂದಕುಮಾರ ದಾರಿ ಬಿಟ್ಟ. ಮಾರ್ವಾ ತನ್ನ ವಸ್ತುಗಳನ್ನು ಬಾಚಿಕೊಳ್ಳುತ್ತಿದ್ದಳು.

ನಿಜಗುಣ ದಾಟಿ ಹೋಗಲಿಲ್ಲ. ಕಿಸೆಗೆ ಕೈ ಹಾಕಿ, ಸೀಸೆಯನ್ನು ತೆಗೆದು, ಕೀಲಿಗಳ ನಡುವೆ ಪರಾತದಲ್ಲಿ ಇಟ್ಟ. ಕರಿ ಮುಚ್ಚಳ, ಚೀಟಿಯ ಮೇಲೆ ತುಪ್ಪದ ಕಲೆ. ಅದನ್ನು ಹಿಂದೆ ಕಂಡವರಿಗೆ ಎರಡನೆಯ ಬಾರಿ ನೋಡಬೇಕಾಗಿರಲಿಲ್ಲ. ಹಿಂದಿನ ಸಾಲಿನ ನಗು ನಿಂತಿತು.

"ಇದು ಯಾರದ್ದು?" ಎಂದ ಆನಂದಕುಮಾರ, ಉತ್ತರ ಎದುರಿಗೇ ನಿಂತಿದ್ದರೂ.

"ನಂದ್ರಿ," ಎಂದ ನಿಜಗುಣ. ದನಿ ಸಣ್ಣಗಿತ್ತು. "ಆವತ್ತಿಂದೂ ನಂದ ಅದ."

ಮಾರ್ವಾ ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ನಿಜಗುಣ ಅವಳತ್ತ ನೋಡಲಿಲ್ಲ. ಇನ್ನೊಂದು ಕಿಸೆ ಉಳಿದಿತ್ತು, ಅದನ್ನೂ ಹೊರಗೆಳೆದ. ಅದರಲ್ಲಿ ಏನೂ ಇರಲಿಲ್ಲ. ಅದರ ಬಿಳಿ ಅರಿವೆ ಹೊರಗೆ ಜೋತಾಡುತ್ತಿರುವಂತೆಯೇ ಅವನು ಒಳಗೆ ಹೋಗಿ, ಒಲೆಯ ಮುಂದೆ ನಿಂತು, ಹುಗ್ಗಿಯ ಗೋಧಿ ತೊಳೆಯತೊಡಗಿದ.